ಸೀರೆ ಬೇಡವೆಂದ ಅಕ್ಕನಿಗೆ ಈ ದೀಪಾವಳಿಗೆ ಏನು ಕೊಡಬಹುದು?

ಪ್ರಶ್ನೆ: ನನಗೆ 44 ವರ್ಷ. ಊರು ದಾವಣಗೆರೆ, ಉದ್ಯೋಗ ಬೆಂಗಳೂರಿನಲ್ಲಿ. ಪ್ರತಿ ದೀಪಾವಳಿಗೂ ಮನೆಯ ಮೂವರಿಗೆ ಏನಾದರೂ ಕೊಡುವುದು ಮೊದಲಿನಿಂದ ನಡೆದುಬಂದಿದೆ. ಅಕ್ಕನಿಗೆ 50 ವರ್ಷ, ಹಾವೇರಿಯಲ್ಲಿ ಪ್ರೌಢಶಾಲಾ ಶಿಕ್ಷಕಿ; ಅವಳಿಗೆ ರೇಷ್ಮೆ ಸೀರೆ ಕೊಡುತ್ತಿದ್ದೆ. ಹೆಂಡತಿಗೆ 46, ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳಿಗೆ ಅಡುಗೆಮನೆಗೆ ಬೇಕಾದದ್ದನ್ನು ತರುತ್ತಿದ್ದೆ. ತೀರಿಕೊಂಡ ಅಣ್ಣನ ಹೆಂಡತಿ, ನನ್ನ ಅತ್ತಿಗೆಗೆ 53. ಏನು ಕೊಟ್ಟರೆ ಸರಿಯೋ ತಿಳಿಯದೆ ಲಕೋಟೆಯಲ್ಲಿ ದುಡ್ಡು ಇಡುತ್ತೇನೆ. ಕಳೆದ ವರ್ಷ ಅಕ್ಕ, ‘ಸೀರೆ ಬೇಡಪ್ಪ, ಈಗ ಉಡೋಕಾಗಲ್ಲ’ ಎಂದಳು. ಹೆಂಡತಿ ಮಿಕ್ಸಿಯ ಡಬ್ಬ ನೋಡಿ ಏನೂ ಮಾತನಾಡಲಿಲ್ಲ. ಮೂವರಿಗೂ ಸೇರಿ 25,000 ರೂಪಾಯಿ ತೆಗೆದಿಟ್ಟಿದ್ದೇನೆ. ಸ್ತ್ರೀರೋಗ ತಜ್ಞೆಯಾದ ನಿಮಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೂ ಈ ವಯಸ್ಸಿನವರಿಗೆ ಯಾವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದು ನಿಮಗೆ ತಿಳಿದಿರುತ್ತದೆಂದು ಕೇಳುತ್ತಿದ್ದೇನೆ.

ಉತ್ತರ: ವಿಚಿತ್ರವೇನೂ ಇಲ್ಲ. ಹಬ್ಬ ಕಳೆದ ಮೇಲೆ ನನ್ನ ಬಳಿ ಬರುವವರು ತಮಗೆ ಬಂದ ಉಡುಗೊರೆಗಳ ಸುದ್ದಿಯನ್ನೂ ಹೇಳುತ್ತಾರೆ, ಅವುಗಳಲ್ಲಿ ಬೀರು ಸೇರಿ ಅಲ್ಲೇ ಉಳಿದವೇ ಹೆಚ್ಚು. ಇದಕ್ಕೆ ಕೊಟ್ಟವರ ಜಿಪುಣತನ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ತಮ್ಮನ ಕಣ್ಣಿಗೆ ಅಕ್ಕ ಇನ್ನೂ ಮೂವತ್ತೈದರ ಅಕ್ಕನಾಗಿಯೇ ಕಾಣುತ್ತಾಳೆ. ಆಕೆಯ ನಿದ್ದೆ, ಕಣ್ಣು, ಭುಜ, ಪಾದಗಳು ಅಷ್ಟರಲ್ಲಿ ಬಹಳ ಮುಂದೆ ಬಂದಿರುತ್ತವೆ. ಆದ್ದರಿಂದ ಈ ವರ್ಷ ಆಕೆ ಹೇಗಿದ್ದಾರೋ ಅದಕ್ಕೆ ಒಪ್ಪುವಂಥದ್ದನ್ನು ಕೊಡಿ, ಮನೆಗೆಂದು ಕೊಡದೆ ಆಕೆಗೆಂದೇ ಕೊಡಿ ಎಂಬುದಷ್ಟೇ ನನ್ನ ಸಲಹೆ. ಇದನ್ನು ಮೂವರಿಗೂ ಬೇರೆ ಬೇರೆಯಾಗಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೂವರೂ ಇರುವ ಹಂತ ಒಂದೇ ಅಲ್ಲ.

ಭಾರತೀಯ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಹತ್ತಿರವಿದೆ. ಸತತವಾಗಿ ಹನ್ನೆರಡು ತಿಂಗಳು ಮುಟ್ಟಾಗದೆ ಇದ್ದರೆ ಮಾತ್ರ ಅದು ನಿಂತಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ, ಆದರೆ ಏರುಪೇರುಗಳು ಅದಕ್ಕೆ ಕೆಲವು ವರ್ಷ ಮೊದಲೇ ಆರಂಭವಾಗಿರುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಹೆಂಡತಿ ಬಹುಶಃ ಏರುಪೇರಿನ ನಡುವೆ ಇದ್ದಾರೆ, ಅಕ್ಕ ಅದನ್ನು ಈಚೆಗೆ ದಾಟಿದ್ದಾರೆ ಅಥವಾ ದಾಟುತ್ತಿದ್ದಾರೆ, ಅತ್ತಿಗೆ ದಾಟಿ ಕೆಲವು ವರ್ಷಗಳಾಗಿರಬೇಕು.

ಮೊದಲು ಅಕ್ಕನ ಮಾತು. ‘ಉಡೋಕಾಗಲ್ಲ’ ಎಂದಾಗ ಅವರು ಶಿಷ್ಟಾಚಾರಕ್ಕೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದಾರೆ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಕಡಿಮೆಯಾದಂತೆ, ಮೈಯ ಉಷ್ಣತೆಯನ್ನು ಹಿಡಿತದಲ್ಲಿಡುವ ಮೆದುಳಿನ ಹೈಪೊಥಲಾಮಸ್ ಎಂಬ ಭಾಗದ ಸಹನೆ ಕಿರಿದಾಗುತ್ತದೆ. ಮೊದಲು ಅದು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಸಣ್ಣ ಬಿಸಿಗೂ ಈಗ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರನ್ನು ಹರಿಸಿ, ದೇಹವನ್ನು ತಣಿಸಲು ಹೊರಡುತ್ತದೆ. ಎದೆಯಿಂದ ಮುಖಕ್ಕೆ ಏರುವ ಬಿಸಿ, ಕೆಂಪೇರುವ ಕೆನ್ನೆ, ಕುತ್ತಿಗೆಯ ಹಿಂದೆ ಇಳಿಯುವ ಬೆವರು, ಆಮೇಲೆ ಒಮ್ಮೆಲೇ ಚಳಿ — ಇದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿದು ದಿನದಲ್ಲಿ ಮತ್ತೆ ಮತ್ತೆ ಬರಬಹುದು. ಜರಿ ಹೆಚ್ಚಿರುವ ಕಾಂಜೀವರಂ ಸೀರೆ ಒಂದು ಕಿಲೋದ ಹತ್ತಿರ ತೂಗುತ್ತದೆ. ಅದರ ಕೆಳಗೆ ಬಿಗಿದು ಕಟ್ಟಿದ ಲಂಗ, ಮೇಲೆ ಲೈನಿಂಗ್ ಹಾಕಿದ ರೇಷ್ಮೆ ರವಿಕೆ. ಇಷ್ಟನ್ನು ತೊಟ್ಟು ಪೂಜೆಯ ಹೊಗೆಯ ಮುಂದೆ, ಒಲೆಯ ಮುಂದೆ, ನೆಂಟರ ನಡುವೆ ಅರ್ಧ ದಿನ ನಿಲ್ಲುವುದು ಆ ಸ್ಥಿತಿಯಲ್ಲಿರುವವರಿಗೆ ಶಿಕ್ಷೆಯೇ ಸರಿ.

ಹಾಗೆಂದು ಸೀರೆಯನ್ನೇ ಬಿಡಬೇಕಾಗಿಲ್ಲ. ಶಿಕ್ಷಕಿಯಾದವರಿಗೆ ವಾರದಲ್ಲಿ ಐದಾರು ದಿನ ಉಡಲು ಸೀರೆ ಬೇಕೇ ಬೇಕು, ಆದರೆ ಅದು ಗಾಳಿಯಾಡುವ, ಬೆವರು ಹೀರುವ, ಮನೆಯಲ್ಲೇ ಒಗೆಯಬಹುದಾದ ಹತ್ತಿಯದಾಗಿರಬೇಕು. ಹಾವೇರಿಯವರಿಗೆ ಇಳಕಲ್ ಸೀರೆಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಒಡಲು ಹತ್ತಿ, ಸೆರಗು ರೇಷ್ಮೆ ಇರುವ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಹಬ್ಬದ ಕಳೆಯೆಲ್ಲ ಸೆರಗು ಮತ್ತು ಅಂಚಿನಲ್ಲಿರುತ್ತದೆ, ಮೈಗೆ ತಾಗುವುದು ಮಾತ್ರ ಹತ್ತಿ. ಈ ವಯಸ್ಸಿಗೆ ಇದಕ್ಕಿಂತ ಒಪ್ಪುವ ಹಬ್ಬದ ಸೀರೆ ನನಗೆ ತಿಳಿದಿಲ್ಲ. ಇನ್ನೂ ಹಗುರವಾದದ್ದು ಬೇಕಿದ್ದರೆ ಕರಾವಳಿಯ ಉಡುಪಿ ಸೀರೆ ಇದೆ. ನೇಯುವವರು ಕಡಿಮೆ, ಆದ್ದರಿಂದ ಹುಡುಕಬೇಕಾಗುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲೂ ಹತ್ತಿಯ ಕೈಮಗ್ಗದ ಸೀರೆಗಳು ಸಿಗುತ್ತವೆ.

ಕೊಳ್ಳುವಾಗ ಒಂದು ಎಚ್ಚರ. ಇಳಕಲ್ ಎಂದು ಹೇಳಿ ಮಾರುವ ಸೀರೆಗಳಲ್ಲಿ ಪಾಲಿಯೆಸ್ಟರ್ ನೂಲಿನ ಪವರ್‌ಲೂಮ್ ಸೀರೆಗಳೂ ಬೇಕಾದಷ್ಟಿವೆ. ಅವು ನೋಡಲು ಮಿನುಗುತ್ತವೆ, ಬೆಲೆಯೂ ಅಗ್ಗ, ಆದರೆ ಬೆವರುವ ಮೈಗೆ ಅವು ರೇಷ್ಮೆಗಿಂತಲೂ ಕಷ್ಟ. ಅನುಮಾನವಿದ್ದರೆ ಅಂಗಡಿಯವರನ್ನು ಕೇಳಿ, ಸೆರಗಿನ ತುದಿಯಿಂದ ಒಂದೊಂದು ಎಳೆ ತೆಗೆದು ಕಡ್ಡಿ ಗೀರಿ ನೋಡಿ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಬೆರಳಿಗೆ ಸಿಗುತ್ತದೆ. ಆದರೆ ಸೆರಗಿನ ಎಳೆ ಸೆರಗಿನ ಬಗ್ಗೆ ಮಾತ್ರ ಹೇಳುತ್ತದೆ. ಒಡಲಿನ ನೂಲು ತಿಳಿಯಬೇಕಾದರೆ ಸೀರೆಯ ಇನ್ನೊಂದು ಕೊನೆಯ, ಅಂದರೆ ಸೊಂಟಕ್ಕೆ ಸಿಕ್ಕಿಸುವ ತುದಿಯ ಎಳೆಯನ್ನೂ ನೋಡಬೇಕು.

ಇನ್ನು ರವಿಕೆ. ಗಂಡಸರು ಕೊಡುವ ಸೀರೆಗಳಲ್ಲಿ ನೂರಕ್ಕೆ ತೊಂಬತ್ತು ಇಲ್ಲಿಯೇ ಎಡವುತ್ತವೆ. ಸೀರೆ ಬಂದ ಮೇಲೆ ಫಾಲ್ ಹಚ್ಚಿಸಬೇಕು, ಪಿಕೊ ಮಾಡಿಸಬೇಕು, ರವಿಕೆಗೆ ಲೈನಿಂಗ್ ತರಬೇಕು, ದರ್ಜಿಯ ಬಳಿ ಎರಡು ಸಲ ಹೋಗಿಬರಬೇಕು. ಅಂದರೆ ಉಡುಗೊರೆಯ ಜೊತೆಗೆ ಸಾವಿರ ರೂಪಾಯಿಯ ಖರ್ಚನ್ನೂ ಒಂದು ವಾರದ ಓಡಾಟವನ್ನೂ ನೀವು ಆಕೆಯ ಕೈಗಿಟ್ಟಂತಾಯಿತು. ಈ ವಯಸ್ಸಿನಲ್ಲಿ ದೇಹದ ಕೊಬ್ಬು ತೊಡೆಯಿಂದ ಹೊಟ್ಟೆ, ಬೆನ್ನು, ತೋಳುಗಳತ್ತ ಸರಿಯುತ್ತದೆ. ತೂಕದ ಯಂತ್ರದಲ್ಲಿ ಅಂಥ ವ್ಯತ್ಯಾಸ ಕಾಣದಿದ್ದರೂ ಐದು ವರ್ಷದ ಹಿಂದಿನ ರವಿಕೆ ತೋಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೊನೆಯ ಕೊಕ್ಕೆ ಕೂಡುವುದಿಲ್ಲ. ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಆಗಲೇ ಬಿಚ್ಚಿಸಿ ಆಗಿರುತ್ತದೆ. ಬೀರುವಿನಲ್ಲಿ ಹತ್ತು ಒಳ್ಳೆಯ ಸೀರೆಗಳಿದ್ದು ಉಡಲು ಒಂದೂ ಇಲ್ಲದ ಸ್ಥಿತಿ ಹೀಗೆ ಬರುತ್ತದೆ.

ಆದ್ದರಿಂದ ಅಕ್ಕನಿಗೆ ಹನ್ನೊಂದನೆಯ ಸೀರೆಗಿಂತ, ಇರುವ ಸೀರೆಗಳಲ್ಲಿ ಅವರಿಗೆ ಪ್ರಿಯವಾದ ನಾಲ್ಕೈದಕ್ಕೆ ಹೊಸ ರವಿಕೆ ಹೊಲಿಸಿಕೊಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಗುಳೇದಗುಡ್ಡದ ಖಣ ತೆಗೆದುಕೊಂಡರೆ ಒಂದು ಖಣ ಎರಡು ಮೂರು ಸೀರೆಗಳಿಗೆ ಒಪ್ಪುತ್ತದೆ. ಒಳಗಿನ ಲೈನಿಂಗ್ ಹತ್ತಿಯದೇ ಇರಲಿ. ಹೊಲಿಯಲು ಕೊಡುವಾಗ ಕೊಕ್ಕೆ ಮುಂದೆ ಇರಬೇಕೋ ಹಿಂದೆಯೋ ಎಂದು ಅಕ್ಕನನ್ನೇ ಕೇಳಿ. ಇದು ಸಣ್ಣ ಮಾತಾಗಿ ಕಾಣಬಹುದು. ಭುಜದ ಕೀಲು ಬಿಗಿಯಾಗಿ ಕೈ ಹಿಂದಕ್ಕೆ ಹೋಗದಂತಾಗುವ ತೊಂದರೆ 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರಲ್ಲಿ ಇನ್ನೂ ಹೆಚ್ಚು. ಕಪ್ಪುಹಲಗೆಯ ಮೇಲೆ ಬರೆದು ಬರೆದು ಭುಜ ನೋಯಿಸಿಕೊಂಡವರಿಗೆ ಬೆನ್ನಿಗೆ ಕೊಕ್ಕೆ, ದಾರ ಇರುವ ಫ್ಯಾಷನ್ ರವಿಕೆ ಕೊಟ್ಟರೆ ಅದನ್ನು ತೊಡಿಸಲು ಇನ್ನೊಬ್ಬರು ಬೇಕಾಗುತ್ತದೆ.

ಹಣ ಉಳಿದರೆ ಸೀರೆಯ ಆಯ್ಕೆಯನ್ನು ಒಂದು ಪ್ರವಾಸವಾಗಿಸಬಹುದು. ಕರ್ನಾಟಕದಲ್ಲಿ ವಾಸವಿರುವ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಅಂದಮೇಲೆ ನೀವು ಕೊಡಬೇಕಾದದ್ದು ತಂಗುವ ಮತ್ತು ಊಟದ ಖರ್ಚು. ಅಕ್ಕ ತಮ್ಮ ಜೊತೆಯ ಶಿಕ್ಷಕಿಯೊಬ್ಬರನ್ನು ಕರೆದುಕೊಂಡು ಬಾದಾಮಿಗೆ ಹೋಗಲಿ. ಅಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಬೇರೆ ವಸತಿಗೃಹಗಳೂ ಇವೆ. ಒಂದು ದಿನ ಪಟ್ಟದಕಲ್ಲು, ಐಹೊಳೆ. ಮರುದಿನ ಗುಳೇದಗುಡ್ಡದಲ್ಲಿ ಖಣ, ಪುರುಸೊತ್ತಿದ್ದರೆ ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗವನ್ನೂ ನೋಡಿ ತಮಗೆ ಬೇಕಾದ ಸೀರೆಯನ್ನು ತಾವೇ ಆರಿಸಿಕೊಳ್ಳಬಹುದು. ದೀಪಾವಳಿಯ ನಂತರದ ಎರಡು ಮೂರು ತಿಂಗಳು ಆ ಭಾಗದ ಬಿಸಿಲೂ ಹಿತ. ಬನದ ಹುಣ್ಣಿಮೆಗೆ ಹೊಂದಿಸಿಕೊಂಡರೆ ಬನಶಂಕರಿ ಜಾತ್ರೆ, ಕಂಪನಿ ನಾಟಕಗಳು ಎಲ್ಲ ಸಿಗುತ್ತವೆ, ಆದರೆ ಆಗ ಕೋಣೆ ಸಿಗುವುದು ಕಷ್ಟ. ಈ ಉಡುಗೊರೆಗೆ ಒಂದೇ ಷರತ್ತು: ಆ ಎರಡು ದಿನ ಅಕ್ಕನ ಮನೆಯ ಅಡುಗೆ, ಹಿರಿಯರ ಮಾತ್ರೆ, ಹಾಲಿನವನ ಲೆಕ್ಕ ಯಾರ ಕೈಯಲ್ಲಿ ಎಂಬುದನ್ನು ಭಾವನವರೊಡನೆ ನೀವು ಮೊದಲೇ ಮಾತನಾಡಿ ತೀರ್ಮಾನಿಸಬೇಕು. ಹೋಗುವ ಮುಂಚೆ ಎರಡು ದಿನದ ಸಾರು ಮಾಡಿ ಫ್ರಿಜ್ಜಿನಲ್ಲಿಟ್ಟು ಹೋಗಬೇಕಾದರೆ ಅವರು ಹೊರಡುವುದೇ ಇಲ್ಲ.

ನಿಮ್ಮ ಹೆಂಡತಿಯ ಮೌನಕ್ಕೆ ಬರೋಣ. ಮಿಕ್ಸಿ ಮನೆಯ ಸಾಮಾನು. ಹಳೆಯದು ಕೆಟ್ಟರೆ ಆಷಾಢದಲ್ಲಾದರೂ ಹೊಸದು ತರಲೇಬೇಕು; ಅದಕ್ಕೆ ಹಬ್ಬದ ಕಾಗದ ಸುತ್ತಿ ಒಬ್ಬರ ಹೆಸರು ಬರೆದರೆ, ರುಬ್ಬುವ ಕೆಲಸವೂ ಅವರ ಹೆಸರಿಗೇ ಬರೆದಂತಾಗುತ್ತದೆ. ಪಾತ್ರೆ ತೊಳೆಯುವ ಯಂತ್ರದ ವಿಷಯದಲ್ಲಿ ನಾನು ಸ್ವಲ್ಪ ಸಡಿಲ, ಆದರೆ ಅದಕ್ಕೆ ಪಾತ್ರೆ ತುಂಬುವುದು ಮತ್ತು ಖಾಲಿ ಮಾಡುವುದು ಕೊಟ್ಟವರ ಕೆಲಸವಾಗಿರಬೇಕು. ಅದೂ ನಿಮ್ಮ ಬಜೆಟ್‌ನಲ್ಲಿ ಬರುವುದಿಲ್ಲ, ಬಿಡಿ.

46ರ, ದಿನವಿಡೀ ಮಕ್ಕಳ ನೋಟ್‌ಬುಕ್ ನೋಡುವ ವ್ಯಕ್ತಿಗೆ ನನ್ನ ಮೊದಲ ಆಯ್ಕೆ ಕನ್ನಡಕ. ನಲವತ್ತರ ನಂತರ ಕಣ್ಣಿನೊಳಗಿನ ಮಸೂರ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತ ಹೋಗುವುದರಿಂದ ಹತ್ತಿರದ ಅಕ್ಷರ ಮಸುಕಾಗುತ್ತದೆ. ಚಾಳೀಸು ಬಂತು ಎಂದು ಒಪ್ಪಿಕೊಳ್ಳಲು ಅನೇಕರಿಗೆ ಮನಸ್ಸಾಗುವುದಿಲ್ಲ, ಅಥವಾ ಪುರುಸೊತ್ತಾಗುವುದಿಲ್ಲ. ಪುಸ್ತಕವನ್ನು ತೋಳಿನಳತೆ ದೂರ ಹಿಡಿಯುವುದು, ಔಷಧಿ ಚೀಟಿಯನ್ನು ಮಗನ ಕೈಗೆ ಕೊಟ್ಟು ಓದಿಸುವುದು, ಸೂಜಿಗೆ ದಾರ ಪೋಣಿಸುವುದನ್ನು ಮುಂದೂಡುವುದು, ಸಂಜೆಯ ಟ್ಯೂಷನ್ ಮುಗಿದ ಮೇಲೆ ಹಣೆ ಹಿಡಿದುಕೊಂಡು ಕೂರುವುದು — ಇವು ನಿಮ್ಮ ಕಣ್ಣಿಗೆ ಬಿದ್ದಿವೆಯೇ ಎಂದು ನೆನಪಿಸಿಕೊಳ್ಳಿ. ಬಿದ್ದಿದ್ದರೆ ಕಣ್ಣಿನ ಪರೀಕ್ಷೆಗೆ ಜೊತೆಯಲ್ಲಿ ಹೋಗಿ, ಫ್ರೇಮನ್ನು ಅವರೇ ಕನ್ನಡಿಯ ಮುಂದೆ ಸಾವಕಾಶವಾಗಿ ಆರಿಸಲಿ, ಬೆಲೆಯ ಚೀಟಿಯತ್ತ ಅವರ ಕಣ್ಣು ಹೋಗುವುದಕ್ಕೆ ಮೊದಲೇ ‘ಇದೇ ಇರಲಿ’ ಎನ್ನಿ. ದೂರ, ನಡು, ಹತ್ತಿರ ಮೂರಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಲೆನ್ಸ್‌ಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು; ಆ ದಿನಗಳಲ್ಲಿ ಮೆಟ್ಟಿಲಿಳಿಯುವಾಗ ತಲೆಯನ್ನೇ ಬಗ್ಗಿಸಿ ನೋಡಬೇಕಾಗುತ್ತದೆ. ಅದರ ಜೊತೆಗೆ ಬರೇ ಓದುವ ನಂಬರಿನ ಅಗ್ಗದ ಇನ್ನೊಂದು ಜೊತೆಯನ್ನು ಮಾಡಿಸಿ ಅಡುಗೆಮನೆಯ ಡಬ್ಬಿಗಳ ಪಕ್ಕದಲ್ಲಿಡಿ. ಅಕ್ಕಿಯಲ್ಲಿ ಕಲ್ಲು ಆರಿಸುವುದೂ ಓದುವ ದೂರದ ಕೆಲಸವೇ.

ಎರಡನೆಯದು ಪಾದಗಳಿಗೆ. ಈಗಿನ ಬಹುತೇಕ ಮನೆಗಳ ನೆಲ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್. ಅದರ ಮೇಲೆ ಬರಿಗಾಲಿನಲ್ಲಿ ದಿನಕ್ಕೆ ಆರೇಳು ಗಂಟೆ ನಿಲ್ಲುವವರು ಹೆಂಗಸರು. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವ ನೋವು ಈ ವಯಸ್ಸಿನವರಲ್ಲಿ ಬಹಳ ಸಾಮಾನ್ಯ. ಅಂಗಾಲಿನ ಪಟ್ಟಿಯಂಥ ಅಂಗಾಂಶಕ್ಕೆ ಆದ ಪೆಟ್ಟು ಅದು. ಅದಕ್ಕೆ ಮೊದಲ ಉಪಚಾರವೆಂದರೆ ಹಿಮ್ಮಡಿಗೆ ಮೆತ್ತೆ, ಅಂಗಾಲಿನ ಕಮಾನಿಗೆ ಆಧಾರ ಇರುವ ಪಾದರಕ್ಷೆಯನ್ನು ಮನೆಯೊಳಗೂ ಹಾಕಿಕೊಳ್ಳುವುದು. ಅಡುಗೆಮನೆಗೆ, ದೇವರ ಕೋಣೆಯ ಬಳಿಗೆ ಚಪ್ಪಲಿ ಹಾಕಿಕೊಂಡು ಹೋಗಲು ನಮ್ಮವರಿಗೆ ಮನಸ್ಸು ಒಪ್ಪುವುದಿಲ್ಲ, ಆ ಭಾವನೆಗೆ ಬೆಲೆ ಕೊಡಲೇಬೇಕು. ಹೊರಗೆ ಎಂದೂ ತುಳಿಯದ, ತೊಳೆಯಬಹುದಾದ ಒಂದು ಜೊತೆಯನ್ನು ಒಳಗೆ ಮಾತ್ರ ಎಂದು ಇಟ್ಟರೆ ಬಹಳ ಮಂದಿ ಒಪ್ಪುತ್ತಾರೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಅಳತೆಯನ್ನು ಸಂಜೆಯೇ ತೆಗೆಯಿರಿ. ವಯಸ್ಸಾದಂತೆ ಪಾದ ಅಗಲವೂ ಆಗುತ್ತದೆ, ಹಳೆಯ ನಂಬರನ್ನು ನಂಬಬೇಡಿ.

ಮೂರನೆಯದು ರಾತ್ರಿಗೆ. ನಡುರಾತ್ರಿ ಮೈ ಬಿಸಿಯಾಗಿ ಎದ್ದು ಫ್ಯಾನ್ ಜೋರು ಮಾಡಿದರೆ ಗಂಡನಿಗೆ ಚಳಿ, ಕಡಿಮೆ ಮಾಡಿದರೆ ಆಕೆಗೆ ನಿದ್ದೆಯಿಲ್ಲ. ಈ ಜಗಳ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಆಕೆಯ ಮಗ್ಗುಲಿಗೆ ಒಂದು ಸಣ್ಣ ಟೇಬಲ್ ಫ್ಯಾನ್, ಅಥವಾ ದಿಂಬಿನ ಪಕ್ಕದಲ್ಲಿ ರಿಮೋಟ್ ಇಟ್ಟುಕೊಳ್ಳಬಹುದಾದ, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಬಿಎಲ್‌ಡಿಸಿ ಮೋಟಾರಿನ ಸೀಲಿಂಗ್ ಫ್ಯಾನ್. ಹಳೆಯ ಫ್ಯಾನ್ 75 ವ್ಯಾಟ್ ಸುತ್ತ ವಿದ್ಯುತ್ ತೆಗೆದುಕೊಂಡರೆ ಇದು 28–35ರಲ್ಲಿ ಓಡುತ್ತದೆ. ಮಲಗುವ ಬಟ್ಟೆ ತೆಳು ಹತ್ತಿಯದಿರಲಿ, ಮತ್ತು ಇಬ್ಬರಿಗೂ ಬೇರೆ ಬೇರೆ ಹೊದಿಕೆ ಇರಲಿ. ಫ್ಯಾನ್ ಮನೆಯ ಸಾಮಾನಲ್ಲವೇ ಎಂದು ನೀವು ಕೇಳಬಹುದು. ಅದರ ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ ಹೋಗುತ್ತದೆ.

ಒಡವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈಗಿನ ದರದಲ್ಲಿ ಒಬ್ಬೊಬ್ಬರ ಪಾಲಿನ ಹಣಕ್ಕೆ ಒಂದು ಗ್ರಾಂ ಚಿನ್ನವೂ ಬರುವುದಿಲ್ಲ. ಆದರೆ ಇರುವ ಒಡವೆಯನ್ನು ಮತ್ತೆ ತೊಡುವಂತೆ ಮಾಡಿಸಿಕೊಡಬಹುದು. ಹೆಬ್ಬೆರಳಿನ ಬುಡದ ಕೀಲು ಸವೆದು ನೋಯುವವರಿಗೆ, ಬೆರಳ ಗೆಣ್ಣು ದಪ್ಪವಾದವರಿಗೆ ಮದುವೆಯಲ್ಲಿ ಹಾಕಿದ 2.4 ಅಳತೆಯ ಬಳೆ ಸೋಪು ಹಚ್ಚಿದರೂ ಏರುವುದಿಲ್ಲ. ಅಕ್ಕಸಾಲಿಗರು ಅದೇ ಬಳೆಯನ್ನು ಕತ್ತರಿಸಿ ತಿರುಪು ಹಾಕಿ, ತೆರೆದು ಮುಚ್ಚುವಂತೆ ಮಾಡಿಕೊಡುತ್ತಾರೆ. ಭಾರದ ಜುಮಕಿಯಿಂದ ಕಿವಿಯ ತೂತು ಜಗ್ಗಿದ್ದರೆ ಓಲೆಯಿಂದ ಕೂದಲಿಗೆ ಸಿಕ್ಕಿಸುವ ಸರ, ಅಂದರೆ ಮಾಟಿ, ಒಂದು ಜೊತೆ ಮಾಡಿಸಿ, ಭಾರ ಕೂದಲಿಗೆ ಹಂಚಿಹೋಗುತ್ತದೆ.

ಏನು ಕೊಡಬಾರದು ಎಂಬುದಕ್ಕೂ ಸ್ವಲ್ಪ ಜಾಗ ಕೊಡಬೇಕು. ಸುಕ್ಕು ತೆಗೆಯುವ ಕ್ರೀಮ್, ತೂಕದ ಯಂತ್ರ, ಸೊಂಟ ಕರಗಿಸುವ ಬೆಲ್ಟು ಕೊಟ್ಟರೆ ನೀವು ಆಕೆಯ ದೇಹದ ಬಗ್ಗೆ ಟೀಕೆ ಬರೆದು ಕೊಟ್ಟಂತೆ. ಕೈಗೆ ಕಟ್ಟುವ ಫಿಟ್‌ನೆಸ್ ವಾಚು ಅವರಾಗಿಯೇ ಕೇಳಿದ್ದರೆ ಸರಿ. ‘ಮುಟ್ಟು ನಿಲ್ಲುವ ಕಾಲಕ್ಕೆ’ ಎಂದು ಹೆಸರಿಟ್ಟು ಮಾರುವ ಪುಡಿ, ಚಹಾ, ಮಾತ್ರೆಗಳನ್ನು ಖಂಡಿತ ಬೇಡ. ಅವುಗಳಲ್ಲಿ ಕೆಲವು ಥೈರಾಯ್ಡ್, ರಕ್ತದೊತ್ತಡದ ಔಷಧಿಗಳ ಜೊತೆ ಹೊಂದುವುದಿಲ್ಲ, ಕೆಲವು ಯಕೃತ್ತಿಗೆ ತೊಂದರೆ ಮಾಡಿದ ವರದಿಗಳಿವೆ. ಹಾರ್ಮೋನ್ ಚಿಕಿತ್ಸೆ ಬೇಕೋ ಬೇಡವೋ ಎಂಬುದು ಆಕೆ ಮತ್ತು ಆಕೆಯ ವೈದ್ಯರು ಕೂತು ತೀರ್ಮಾನಿಸಬೇಕಾದ ವಿಷಯ.

ಹಬ್ಬದ ರಿಯಾಯಿತಿಯಲ್ಲಿ ಬರುವ ಎಪ್ಪತ್ತು ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ ಚೆಕಪ್’ ಕೂಪನ್ ಕೊಡುವುದೂ ನನಗೆ ಅಷ್ಟು ಇಷ್ಟವಿಲ್ಲ. ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ, ಕೊಬ್ಬು, ಥೈರಾಯ್ಡ್, ಗರ್ಭಕಂಠದ ತಪಾಸಣೆ, ಸ್ತನಗಳ ತಪಾಸಣೆ — ಈ ವಯಸ್ಸಿನಲ್ಲಿ ಮುಖ್ಯವಾದವು ಇಷ್ಟೇ, ಮತ್ತು ಇವುಗಳನ್ನು ಒಬ್ಬ ವೈದ್ಯರು ನೋಡಿ ಹೇಳಬೇಕು. ಆದರೆ ಒಂದು ಮಾತು ಉಡುಗೊರೆಯ ಆಚೆಗಿನದಾದರೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿಗೆ ಅತಿಯಾದ ರಕ್ತಸ್ರಾವವಾಗುತ್ತಿದ್ದರೆ ‘ಈ ವಯಸ್ಸಿನಲ್ಲಿ ಹಾಗೇ’ ಎಂದು ಸುಮ್ಮನಾಗಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಅಂದು ರಜೆ ಹಾಕಿ ಜೊತೆಯಲ್ಲಿ ಹೋಗುವುದನ್ನು ಹಬ್ಬಕ್ಕಾಗಿ ಕಾಯಿಸಬೇಡಿ.

ಅತ್ತಿಗೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು, ಅದಕ್ಕೆ ಹೆಚ್ಚು ಯೋಚನೆ ಬೇಕೆಂದು. ನಮ್ಮ ಹಬ್ಬಗಳಲ್ಲಿ ಹೆಣ್ಣಿಗೆ ಕೊಡುವ ವಸ್ತುಗಳೆಲ್ಲ ಮುತ್ತೈದೆತನದ ಸುತ್ತ ಕಟ್ಟಿದವು. ಗೌರಿಯ ಮೊರದ ಬಾಗಿನದಲ್ಲಿ ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ ಇರುತ್ತವೆ; ಗಂಡ ತೀರಿಕೊಂಡ ಮರುವರ್ಷದಿಂದ ಆ ಮೊರ ಆಕೆಯ ಮುಂದೆ ಬರುವುದು ಅನೇಕ ಮನೆಗಳಲ್ಲಿ ನಿಲ್ಲುತ್ತದೆ. ತಾಂಬೂಲ ಕೊಡುವಾಗ ಆಕೆ ತಾನಾಗಿಯೇ ಒಳಕೋಣೆಗೆ ಸರಿಯುತ್ತಾಳೆ. ಅಲ್ಲಿ ನೀವು ಕೊಡುವ ಲಕೋಟೆ ಎಷ್ಟೇ ಪ್ರೀತಿಯದಾದರೂ, ಉಳಿದ ಇಬ್ಬರು ಕಟ್ಟು ಬಿಚ್ಚಿ ನೋಡುತ್ತಿರುವಾಗ ನೆರವಿನಂತೆ ಕಾಣುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೂವರಿಗೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಬಗೆಯ ಕಾಗದದಲ್ಲಿ ಸುತ್ತಿದ ವಸ್ತುವನ್ನು ಕೊಡಿ. ಬಟ್ಟೆ ಕೊಡುವುದಾದರೆ ಬೂದು, ತಿಳಿನೀಲಿ ಎಂದು ನೀವೇ ಬಣ್ಣ ಇಳಿಸಬೇಡಿ. ಅವರಿಗೆ ಯಾವ ಬಣ್ಣ ಇಷ್ಟವೆಂದು ಅಕ್ಕನ ಮೂಲಕ ತಿಳಿದುಕೊಳ್ಳಿ. ಗಾಢ ಬಣ್ಣ ಉಡಲು ಅವರಿಗೇ ಸಂಕೋಚವಿದ್ದರೆ ಒತ್ತಾಯವೂ ಬೇಡ.

ಅವರ ವಯಸ್ಸಿನಲ್ಲಿ ಬಿಸಿ, ಬೆವರು ತಗ್ಗಿರಬಹುದು. ಈಗ ಮುಖ್ಯವಾದದ್ದು ಮೂಳೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಹೆಚ್ಚಿರುತ್ತದೆ, ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದಂಶ ಬೇಕಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಉಳಿದದ್ದು ಹಾಲು, ಮೊಸರು, ಎಳ್ಳು, ಸೊಪ್ಪಿನಿಂದ ಬರಬೇಕು. ಇದಕ್ಕೆ ಡಬ್ಬದ ಪುಡಿ ಉಡುಗೊರೆಯಾಗಿ ಬೇಕಿಲ್ಲ. ಮೂಳೆಗೆ ಬೇಕಾದದ್ದು ನಡಿಗೆ ಮತ್ತು ಭಾರ ಹೊರುವ ವ್ಯಾಯಾಮ, ಅದಕ್ಕೆ ಬೇಕಾದದ್ದು ಒಳ್ಳೆಯ ಶೂ ಮತ್ತು ಮನೆಯಿಂದ ಹೊರಡಲು ಒಂದು ಕಾರಣ. ಒಂಟಿಯಾಗಿರುವವರಿಗೆ ಆ ಕಾರಣವೇ ದೊಡ್ಡ ಕೊಡುಗೆ. ಮದುವೆಗೆ ಮುಂಚೆ ಅವರು ಏನು ಕಲಿಯುತ್ತಿದ್ದರು, ಯಾವುದನ್ನು ಅರ್ಧಕ್ಕೆ ಬಿಟ್ಟರು ಎಂದು ಕೇಳಿ ನೋಡಿ. ಸಂಗೀತವಿರಬಹುದು, ಕಸೂತಿಯಿರಬಹುದು, ಕೆಲವರು ಸ್ಕೂಟರ್ ಕಲಿಯಬೇಕೆಂದಿದ್ದೆ ಎನ್ನುತ್ತಾರೆ. ವಾರಕ್ಕೆರಡು ದಿನದ ತರಗತಿಗೆ ಮೂರು ತಿಂಗಳ ಶುಲ್ಕ ಕಟ್ಟಿದರೆ ನಿಮ್ಮ ಬಜೆಟ್‌ನಲ್ಲಿಯೇ ಮುಗಿಯುತ್ತದೆ. ಓದುವವರಾದರೆ ಸುಧಾ, ತರಂಗ, ಮಯೂರಗಳಲ್ಲಿ ಅವರಿಗೆ ಇಷ್ಟವಾದ ಒಂದಕ್ಕೆ ಅವರ ಹೆಸರಿನಲ್ಲಿಯೇ ಚಂದಾ ಕಟ್ಟಿ. ಹೆಸರು ಬರೆದ ಅಂಚೆ ಮನೆಗೆ ಬರುವುದರಲ್ಲಿ ಒಂದು ಖುಷಿಯಿದೆ.

ಅವರಿಗೆ ಆರೋಗ್ಯ ವಿಮೆ ಇದೆಯೇ ಎಂಬುದನ್ನೂ ವಿಚಾರಿಸಿ. ಗಂಡನ ಉದ್ಯೋಗದ ಮೂಲಕ ಇದ್ದ ವಿಮೆ ಅವರೊಂದಿಗೇ ಹೋಗಿ, ಹೆಂಡತಿ ವರ್ಷಗಟ್ಟಲೆ ಯಾವ ರಕ್ಷಣೆಯೂ ಇಲ್ಲದೆ ಇರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಕಾರ್ಡ್ ಮಾಡಿಸಿಕೊಟ್ಟರೆ ಸಾಕು. ಇಲ್ಲದಿದ್ದರೆ ಅವರ ಹೆಸರಿನಲ್ಲಿ ಪಾಲಿಸಿ ತೆಗೆಯುವುದನ್ನು ಅಕ್ಕನೊಡನೆ ಸೇರಿ ಯೋಚಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದಾದ್ದರಿಂದ ಸಕ್ಕರೆ, ರಕ್ತದೊತ್ತಡಗಳನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿಸಿ, ಮತ್ತು ಬೇಗ ಮಾಡಿಸಿ. ಪ್ರೀಮಿಯಂ ನಿಮ್ಮ ಲೆಕ್ಕವನ್ನು ಮೀರಬಹುದು, ಪ್ರತಿ ವರ್ಷ ಕಟ್ಟಬೇಕಾದದ್ದು ಬೇರೆ. ಒಮ್ಮೆ ಕಟ್ಟಿ ಮರುವರ್ಷ ಬಿಡುವುದಾದರೆ ಶುರು ಮಾಡುವುದೇ ಬೇಡ.

ಇನ್ನು 25,000ದ ಲೆಕ್ಕ. ಅಕ್ಕನಿಗೆ ರವಿಕೆಗಳ ಹೊಲಿಗೆ, ಬಾದಾಮಿಯ ಒಂದು ರಾತ್ರಿ ಮತ್ತು ಸೀರೆಗೆಂದು ಒಂಬತ್ತು ಸಾವಿರ. ಹೆಂಡತಿಗೆ ಕನ್ನಡಕ ಮತ್ತು ಚಪ್ಪಲಿಗೆ ಎಂಟು, ಫ್ಯಾನನ್ನು ಮನೆಯ ಖರ್ಚಿನಿಂದಲೇ ತನ್ನಿ. ಅತ್ತಿಗೆಗೆ ಶೂ, ತರಗತಿಯ ಶುಲ್ಕ, ಪತ್ರಿಕೆಯ ಚಂದಾಕ್ಕೆ ಎಂಟು. ಸಮಯದ ಲೆಕ್ಕ ಹಣದ ಲೆಕ್ಕಕ್ಕಿಂತ ಬಿಗಿ. ದರ್ಜಿಗಳು ಹಬ್ಬಕ್ಕೆ ಎರಡು ಮೂರು ವಾರ ಇರುವಾಗಲೇ ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸುತ್ತಾರೆ, ಪ್ರೊಗ್ರೆಸಿವ್ ಗಾಜು ತಯಾರಾಗಿ ಬರಲು ಒಂದು ವಾರವಾದರೂ ಬೇಕು. ಹಾಗಾಗಿ ಈ ವಾರವೇ ಅಕ್ಕನಿಗೆ ಫೋನು ಮಾಡಿ, ಯಾವ ಸೀರೆಗಳಿಗೆ ರವಿಕೆ ಬೇಕು ಮತ್ತು ಕೊಕ್ಕೆ ಎಲ್ಲಿರಬೇಕು ಎಂದು ಕೇಳಿಬಿಡಿ. ಅದೇ ಫೋನಿನಲ್ಲಿ ಅತ್ತಿಗೆಯ ವಿಷಯವನ್ನೂ ಮಾತನಾಡಬಹುದು.